ಜೋಡಿ ಹಾಳೆ

ಉಗುರಿನ ಸಂದಿಯ ಅಂಟು ಹೋಗುತ್ತಿರಲಿಲ್ಲ. ಹೆಂಡತಿ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದಳು, ಸಾಬೂನು ಹಚ್ಚಿದಳು, ಕೊನೆಗೆ ತಲೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಅದರ ತುದಿಯಿಂದ ಮೆಲ್ಲಗೆ ಕೆರೆಯತೊಡಗಿದಳು. ಮೂವತ್ತೊಂದು ವರ್ಷ ಪುಸ್ತಕ ಕಟ್ಟಿದ ಕೈ ಅದು. ಬದುಕಿದ್ದಾಗಲೇ ಬಿಡದ ಅಂಟು ಈಗ ಬಿಡುತ್ತದೆಯೇ?

"ಸಾಕು ಬಿಡಕ್ಕ," ಎಂದ ಅವಳ ತಮ್ಮ. "ಗಾಡಿ ಬರೋ ಹೊತ್ತಾಯ್ತು."

"ಇದೊಂದು ಬೆರಳು ಕಣೋ."

"ಒಂಬತ್ತು ಬೆರಳಿಗೂ ಹಾಗೇ ಅಂದೆ."

ಮುಂದಿನ ಕೋಣೆ ಚಿಕ್ಕದು. ಮಂಚ ಹಾಕಿದ ಮೇಲೆ ನಾಲ್ಕು ಜನ ನಿಲ್ಲುವುದೇ ಕಷ್ಟ. ಆದರೂ ಬಂದವರೆಲ್ಲ ಎಡಗೋಡೆಯ ಉದ್ದಕ್ಕೂ ಮೂರಡಿ ಜಾಗ ಖಾಲಿ ಬಿಟ್ಟು ನಿಂತಿದ್ದರು. ಅಲ್ಲಿ ಸೈಕಲ್ ನಿಲ್ಲುತ್ತಿತ್ತು. ಹ್ಯಾಂಡಲ್ ಉಜ್ಜಿ ಉಜ್ಜಿ ಗೋಡೆಯ ಸುಣ್ಣದ ಮೇಲೆ ಕಪ್ಪು ಗೆರೆ ಬಿದ್ದಿತ್ತು. ಸೈಕಲ್ ಇಲ್ಲವೆಂದು ಎಲ್ಲರಿಗೂ ಗೊತ್ತು. ಕಾಲುಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಮಗಳು ಬಾಗಿಲ ಬಳಿ ನಿಂತು ಪತ್ರಿಕೆಯ ಒಂದು ತುಂಡನ್ನು ಮಡಿಚುತ್ತ ಬಿಚ್ಚುತ್ತ ಇದ್ದಳು. ಎರಡು ಬೆರಳಗಲದ ಸುದ್ದಿ: 'ಸಿಗ್ನಲ್ ಉಲ್ಲಂಘನೆ, ಲಾರಿಗೆ ಸಿಲುಕಿ ಸೈಕಲ್ ಸವಾರ ಸಾವು.' ಮೊನ್ನೆ ಬೆಳಿಗ್ಗೆಯಿಂದ ಅವಳು ಎರಡು ಸಲ ಸಂಚಾರ ಠಾಣೆಗೆ ಹೋಗಿ ಬಂದಿದ್ದಳು. ಠಾಣೆಯ ಸಾಹೇಬರು ಕುರ್ಚಿ ತೋರಿಸಿದರು, ನೀರು ಕೊಡಿಸಿದರು, ಕ್ಯಾಮೆರಾ ಕೆಟ್ಟಿದೆ ಎಂದರು. ವೃತ್ತದಲ್ಲಿದ್ದ ಪೇದೆಯೇ ಕಣ್ಣಾರೆ ಕಂಡು ಡ್ಯೂಟಿ ಪುಸ್ತಕದಲ್ಲಿ ಬರೆದಿದ್ದಾನೆ, ಕೆಂಪು ದೀಪವಿದ್ದಾಗ ನಿಮ್ಮ ತಂದೆ ನುಗ್ಗಿದರು, ನಾವೇನು ಮಾಡೋಣ ಎಂದರು. ಸತ್ತವರ ಮೇಲೆ ತಪ್ಪು ಹೊರಿಸುವುದರಲ್ಲಿ ಒಂದು ಅನುಕೂಲವಿದೆ. ಅವರು ಎದುರು ಮಾತಾಡುವುದಿಲ್ಲ.

ಅವಳಿಗೆ ಬೇಕಾಗಿದ್ದು ಒಂದೇ. ಅಪ್ಪ ಬೂದಿಯಾಗುವ ಮೊದಲು ಆ ಸಾಲು ಅಳಿಯಬೇಕು.

"ಸಿಗ್ನಲ್ಲು ಸಿಗ್ನಲ್ ಹಾರಿಸ್ತಂತೆ!" ಎಂದರು ಬೈಂಡಿಂಗ್ ಅಂಗಡಿಯಿಂದ ಬಂದವರಲ್ಲಿ ಹಿರಿಯರು. ರಟ್ಟು ಕತ್ತರಿಸುವ ಯಂತ್ರದ ಮೇಲೆ ಅವರ ಕೆಲಸ, ಹಾಗಾಗಿ ಎಲ್ಲರಿಗೂ ಅವರು ಕತ್ತರಿಯಣ್ಣ. ಸತ್ತವನಿಗೆ 'ಸಿಗ್ನಲ್ಲು' ಎಂದು ಹೆಸರಿಟ್ಟವರೂ ಅವರೇ. "ಹೇಳೋರು ಹೇಳಿದ್ರೆ ಕೇಳೋರಿಗಾದ್ರೂ ಬುದ್ಧಿ ಬೇಡ್ವಾ? ಬೆಳಿಗ್ಗೆ ಬೆಳಿಗ್ಗೆ, ನರಪಿಳ್ಳೆ ಇಲ್ಲದ ರಸ್ತೆಲಿ, ಕೆಂಪು ದೀಪ ಅಂತ ಒಂದು ಕಾಲು ಊರಿ ನಿಂತಿರೋನು ಅವ್ನು. ನಾವು ಐದೂ ಜನ ದಾಟಿ ಅಂಗಡಿ ಸೇರಿ ಬಾಗಿಲು ತೆಗೆದ ಮೇಲೆ ಬರೋನು."

"ಮೆಲ್ಲಗೆ ಮಾತಾಡಿ," ಎಂದ ಸೋದರಮಾವ. "ಆಗಿದ್ದು ಆಯ್ತು. ಪೊಲೀಸ್ನೋರ ಜೊತೆ ಜಗಳ ಕಾಯ್ದರೆ ಹೋದ ಭಾವ ಎದ್ದು ಬರ್ತಾರಾ? ಪುಟ್ಟಿ, ಆ ಪೇಪರ್ ಬಿಸಾಕು."

ಮಗಳು ಬಿಸಾಕಲಿಲ್ಲ. ಮತ್ತೆ ಮಡಿಚಿದಳು.

*

ಅವಳಿಗೆ ಹೊಲಿಗೆ ಕಲಿಸಿದವನು ಅಪ್ಪನೇ. ಅಂಗಡಿಯಲ್ಲಿ ಮುಗಿಯದ ಕೆಲಸವನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಮನೆಗೆ ತರುತ್ತಿದ್ದ. ಅಡುಗೆಮನೆಯ ಮೂಲೆಯಲ್ಲಿ ಒಂದು ಹಲಗೆ, ಅದರ ಮೇಲೆ ಸೂಜಿ, ಮೇಣ ತೀಡಿದ ದಾರ, ಮಡಿಕೆ ಒತ್ತುವ ಮೂಳೆ. ಸರ್ಕಾರಿ ಕಚೇರಿಗಳ ಪುಸ್ತಕಗಳೆಲ್ಲ ಅವರ ಅಂಗಡಿಗೇ ಬರುತ್ತಿದ್ದವು. ಪುಟಕ್ಕೆ ಯಂತ್ರದ ನಂಬರು, ಬೆನ್ನಿಗೆ ಕೆಂಪು ಬಟ್ಟೆ.

"ಎಂಟು ದೊಡ್ಡ ಹಾಳೆ. ನಡುವೆ ಮಡಿಚಿದ್ರೆ ಎಷ್ಟಾಯ್ತು?"

"ಹದಿನಾರು."

"ಸೂಜಿ ಎಲ್ಲಿ ಹೋಗ್ಬೇಕು?"

"ಮಡಿಕೆ ಒಳಗೆ."

"ಈಗ ನೋಡು." ಅವನು ಹಳೆಯ ಪುಸ್ತಕವೊಂದರಿಂದ ಒಂದು ಹಾಳೆಯನ್ನು ಬುಡಸಮೇತ ಕಿತ್ತ. ಏನೂ ಆಗಲಿಲ್ಲ. ಪುಸ್ತಕ ಮುಚ್ಚಿ ಬೆನ್ನು ಮೇಲೆ ಮಾಡಿ ಕೊಡವಿದ. ಎಲ್ಲೋ ಮುಂದಿದ್ದ, ಯಾರೂ ಮುಟ್ಟದ ಇನ್ನೊಂದು ಹಾಳೆ ನೆಲಕ್ಕೆ ಬಿತ್ತು.

ಮಗಳು ಬಾಯಿ ತೆರೆದು ನೋಡಿದಳು. ಆಗ ಅವಳಿಗೆ ಹನ್ನೆರಡು.

"ಇವೆರಡೂ ಒಂದೇ ಹಾಳೆ ಕಣೆ, ನಡುವೆ ಮಡಿಚಿದ್ದು. ಇದನ್ನ ಕಿತ್ರೆ ಅದರ ಜೋಡಿ ತಾನಾಗೇ ಸಡಿಲ ಆಗುತ್ತೆ. ಅಂಟಿಸಿದ ಪುಸ್ತಕದಲ್ಲಿ ಕಳ್ಳ ಸಿಕ್ಕಲ್ಲ. ಹೊಲಿದ ಪುಸ್ತಕದಲ್ಲಿ ಸಿಕ್ತಾನೆ. ಪೊಲೀಸೇ ಬೇಡ, ದಾರ ಸಾಕು."

ಅಂಟಿಸುವ ಕೆಲಸ ಬೇಗ ಮುಗಿಯುತ್ತದೆ, ಹೊಲಿಗೆ ಯಾಕೆ ಎಂದು ಮಾಲೀಕ ಎಷ್ಟೋ ಸಲ ಗೊಣಗಿದ್ದುಂಟು. ಇವನು ಹೂಂ ಅನ್ನುತ್ತಿದ್ದ, ಹೊಲಿಯುತ್ತಿದ್ದ. ಹಠವೆಂದರೆ ಗಲಾಟೆ ಮಾಡುವುದು ಅಂದುಕೊಂಡವರಿಗೆ ಅವನ ಹಠ ಗೊತ್ತೇ ಆಗಲಿಲ್ಲ.

*

ಒಂಬತ್ತು ಗಂಟೆಗೆ ಗೇಟಿನ ಸದ್ದಾಯಿತು. ಶವದ ಗಾಡಿ ಎಂದು ಎಲ್ಲರೂ ತಿರುಗಿದರು. ಬಂದವನು ಆ ವೃತ್ತದ ಸಂಚಾರಿ ಪೇದೆ. ನಡುವಯಸ್ಸು, ಬಿಸಿಲಿಗೆ ಸುಟ್ಟ ಮುಖ, ಭುಜದ ಮೇಲೆ ವೈರ್‌ಲೆಸ್ಸು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದು ಕಂಕುಳಲ್ಲಿ ಕೆಂಪು ಬೆನ್ನಿನ ಪುಸ್ತಕ. ಟೋಪಿ ತೆಗೆದು ಮಂಚದ ಬುಡದಲ್ಲಿ ನಿಂತ. ಮುಖದ ಕಡೆ ನೋಡಲಿಲ್ಲ, ಪಾದ ನೋಡಿದ.

"ಬಂದ್ರಪ್ಪಾ," ಎಂದರು ಕತ್ತರಿಯಣ್ಣ, ಮೆಲ್ಲಗೆ ಮಾತಾಡುವುದನ್ನು ಮರೆತು. "ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸ್ತಂತೆ."

ಪೇದೆ ಕೇಳಿಸದವನಂತೆ ಚೀಲವನ್ನು ಹೆಂಡತಿಯ ಮುಂದಿಟ್ಟ. ಅದರಲ್ಲಿ ನಜ್ಜುಗುಜ್ಜಾದ ಊಟದ ಡಬ್ಬಿ, ಒಂದು ಚಪ್ಪಲಿ, ಪ್ಯಾಂಟಿನ ಅಂಚು ಹಿಡಿಯುವ ಕ್ಲಿಪ್ಪು, ಸೈಕಲ್ಲಿನ ಗಂಟೆ. ಗಂಟೆಗೆ ಒಂದು ಗೀರೂ ಬಿದ್ದಿರಲಿಲ್ಲ. ಹೆಂಡತಿ ಉಗುರು ಕೆರೆಯುವುದನ್ನು ಬಿಟ್ಟು ಗಂಟೆಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಸಾಮಾನು ತಲುಪಿತು ಅಂತ ಒಂದು ಸಹಿ ಬೇಕು," ಎಂದ ಪೇದೆ. "ತಕರಾರಿಲ್ಲ ಅಂತಾನೂ ಬರೀಬೇಕಂತೆ. ಸಾಹೇಬ್ರು ಹೇಳಿದಾರೆ."

"ಎಲ್ಲಿ ಹಾಕ್ಬೇಕು ಹೇಳಿ, ನಾನು ಹಾಕ್ತೀನಿ," ಎಂದು ಸೋದರಮಾವ ಮುಂದೆ ಬಂದ.

ಮಗಳು ನಡುವೆ ಕೈ ಚಾಚಿ ಪುಸ್ತಕ ತೆಗೆದುಕೊಂಡಳು. ತೂಕದಲ್ಲೇ ಗೊತ್ತಾಯಿತು. ಬೆನ್ನಿನ ಮೇಲೆ ಬೆರಳಾಡಿಸಿದಳು; ಅಪ್ಪನ ಹೊಲಿಗೆ. ಬಟ್ಟೆಯ ಅಂಚನ್ನು ಒಳಗೆ ಎರಡು ಸಲ ಮಡಿಚುವುದು ಊರಿಗೆಲ್ಲ ಅವನೊಬ್ಬನೇ. ಅವನ ಮೇಲಿನ ಸುಳ್ಳನ್ನು ಅವನೇ ಕಟ್ಟಿದ ಪುಸ್ತಕದಲ್ಲಿ ಬರೆದಿದ್ದರು.

"ಇನ್ನೊಂದು ಕೆಲಸ," ಎಂದ ಪೇದೆ. ಈಗ ಅವನ ದನಿ ಎಷ್ಟು ತಗ್ಗಿತ್ತೆಂದರೆ ಅವಳು ಬಗ್ಗಿ ಕೇಳಬೇಕಾಯಿತು. "ಇದರಲ್ಲಿ ಒಂದು ಹಾಳೆ ಸಡಿಲ ಆಗಿದೆಯಮ್ಮ. ಯಾವ್ದಾದ್ರೂ ಅಂಗಡಿಲಿ ಅಂಟಿಸ್ಕೊಂಡು ಬಾ ಅಂದ್ರು. ನೀವು ಅಂಟಿಸಿಕೊಡ್ತೀರಾ?"

ಊರಿನಲ್ಲಿ ಬೈಂಡಿಂಗ್ ಅಂಗಡಿಗಳಿಗೆ ಬರವಿರಲಿಲ್ಲ.

ಅವಳು ಪುಸ್ತಕದ ಬೆನ್ನು ಮೇಲೆ ಮಾಡಿ ಕೊಡವಿದಳು. ಒಂದು ಹಾಳೆ ನೆಲಕ್ಕೆ ಜಾರಿತು. ಎರಡೂ ಬದಿ ಖಾಲಿ. ಮೂಲೆಯಲ್ಲಿ ಯಂತ್ರದ ನಂಬರು: ಐವತ್ತೈದು, ಐವತ್ತಾರು. ಅವಳ ಬೆರಳುಗಳು ಲೆಕ್ಕ ಹಾಕಿಕೊಂಡೇ ಹಿಂದಕ್ಕೆ ಮಗುಚಿದವು. ನಲವತ್ತನೇ ಪುಟ ಬಂತು. ಅದರ ಎದುರಿಗೆ ನಲವತ್ತಮೂರು ಇತ್ತು.

"ನಲವತ್ತೊಂದರಲ್ಲಿ ಏನಿತ್ತು?" ಎಂದಳು.

ಪೇದೆ ಸುತ್ತ ನಿಂತವರನ್ನು ನೋಡಿದ. ಅವಳು ಪುಸ್ತಕವನ್ನೂ ಹಾಳೆಯನ್ನೂ ಹಿಡಿದು ಅಡುಗೆಮನೆಗೆ ನಡೆದಳು. ಅವನು ಹಿಂದೆಯೇ ಹೋದ.

*

ಹನ್ನೊಂದು ವರ್ಷದ ಹಿಂದೆ ಆ ವೃತ್ತಕ್ಕೆ ಹೊಸದಾಗಿ ಬಂದಾಗ ಪೇದೆಗೆ ಒಬ್ಬ ಸೈಕಲ್ಲಿನವನು ಕಣ್ಣಿಗೆ ಬಿದ್ದ. ರಸ್ತೆ ಬಿಕೋ ಅನ್ನುತ್ತಿದೆ, ದೀಪ ಕೆಂಪು, ಈ ಪುಣ್ಯಾತ್ಮ ಒಂದು ಕಾಲು ಊರಿ ನಿಂತಿದ್ದಾನೆ.

"ಯಾರಿಗೆ ಕಾಯ್ತಿದ್ದೀರಿ?"

"ಹಸಿರಿಗೆ."

ಪೇದೆಗೆ ನಗು ಬಂತು. ಕೆಂಪಿದ್ದರೂ ಎರಡು ಬೆರಳೆತ್ತಿ, ಹೋಗಿ ಎಂದು ಆಡಿಸಿದ. ಸೈಕಲ್ಲಿನವನು ದೀಪ ನೋಡಿದ, ಬೆರಳು ನೋಡಿದ, ಯೋಚಿಸಿದ. "ದೀಪಕ್ಕಿಂತ ಕೈ ದೊಡ್ಡದು, ಅಲ್ವಾ ಸ್ವಾಮಿ? ಕಾನೂನಲ್ಲಿ?"

"ಹೌದ್ರೀ, ದೊಡ್ಡದು."

ಅವನು ಹೊರಟ, ದಾಟಿದ ಮೇಲೆ ಗಂಟೆಯನ್ನು ಎರಡು ಸಲ ಬಾರಿಸಿದ. ಮಾರನೆಯ ದಿನವೂ ಹಾಗೇ ಆಯಿತು. ಆಮೇಲೆ ಅದು ನಿತ್ಯದ ಮಾತಾಯಿತು. ವಾಹನಗಳೆಲ್ಲ ಗುರ್ ಎನ್ನುತ್ತ ನಿಂತಿರುವಾಗ ಪೇದೆ ಎರಡು ಬೆರಳಾಡಿಸಿ ಆ ಒಂದು ಸೈಕಲ್ಲನ್ನು ಮೊದಲು ದಾಟಿಸುತ್ತಿದ್ದ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

*

"ಮೊನ್ನೆ ಎಂಟೂ ಇಪ್ಪತ್ತಕ್ಕೆ ವೈರ್‌ಲೆಸ್ಸಲ್ಲಿ ಹೇಳಿದ್ರು," ಎಂದ ಪೇದೆ. ಅಡುಗೆಮನೆಯ ಹಲಗೆಯ ಮುಂದೆ ಮಂಡಿಯೂರಿ ಕುಳಿತಿದ್ದ. "ಕಾಂಕ್ರೀಟ್ ಲಾರಿ ಬರುತ್ತೆ, ನಿಲ್ಲಿಸ್ಬೇಡ, ಬಿಟ್ಬಿಡು ಅಂತ. ಎಂಟರಿಂದ ಹನ್ನೊಂದರ ತನಕ ಆ ರಸ್ತೆಗೆ ಲಾರಿ ಬರೋ ಹಾಗೇ ಇಲ್ಲ, ಬೋರ್ಡೇ ಇದೆ. ಆದ್ರೂ ದಿನಾ ಒಂದೆರಡು ಬಿಡಿಸ್ತಾರೆ. ನಾನು ಬಲಗೈ ಬೀಸಿ ಬಿಟ್ಟೆ."

"ಆಮೇಲೆ?"

"ಅಷ್ಟರಲ್ಲಿ ಅವ್ರು ಬಂದು ಕಾಲೂರಿ ನಿಂತ್ರು. ನನ್ನ ಎಡಗೈ ತಾನಾಗೇ ಎದ್ದುಬಿಡ್ತು. ಎರಡು ಬೆರಳು. ನಾನು ಯೋಚ್ನೇನೇ ಮಾಡ್ಲಿಲ್ಲಮ್ಮ. ಅವ್ರು ಹೊರಟ್ರು, ಲಾರೀನೂ ಅವ್ರ ಪಕ್ಕದಿಂದಲೇ ಎಡಕ್ಕೆ ತಿರುಗ್ತು. ಆ ಪಕ್ಕ ಏನಿದೆ ಅಂತ ಲಾರಿಯವನಿಗೆ ಕಾಣಲ್ಲ, ಅಷ್ಟೆತ್ತರ ಕೂತಿರ್ತಾನೆ. ಕೂಗಿದೆ. ಸೀಟಿ ಊದಿದೆ. ಅವ್ರು ನನ್ನ ಕಡೆ ತಿರುಗಿ ಗಂಟೆ ಬಾರಿಸಿದ್ರು. ಒಂದೇ ಸಲ."

ಅವಳು ಹಾಳೆಯಿಂದ ತಲೆ ಎತ್ತಿದಳು. "ಅಂದ್ರೆ ದೀಪ ಕೆಂಪಿತ್ತು."

"ಕೆಂಪೇ ಇತ್ತು."

"ನೀವು ಹೋಗಿ ಅಂದಿದ್ದಕ್ಕೆ ಹೋದ್ರು."

"ಹೌದು."

"ಅಪ್ಪನ್ನ ಕೊಂದಿದ್ದು ನೀವೇ."

"ನಲವತ್ತೊಂದನೇ ಪುಟದಲ್ಲಿ ಅದನ್ನೇ ಬರೆದಿದ್ದೆ," ಎಂದ ಪೇದೆ. "ಲಾರಿ ಬಿಡಿಸಿದ್ದು ಯಾರು, ಕೈ ತೋರಿಸಿದ್ದು ಯಾರು, ಎಲ್ಲಾ. ಸಾಹೇಬ್ರು ಓದಿ ಹಾಳೆ ಕಿತ್ತು ಜೇಬಿಗೆ ಹಾಕ್ಕೊಂಡ್ರು. ನಲವತ್ತಮೂರರಲ್ಲಿ ಅವ್ರು ಹೇಳಿದ್ರು, ನಾನು ಬರೆದೆ. ಸಂಜೆ ನೋಡಿದ್ರೆ ಇನ್ನೊಂದು ಹಾಳೆ ತಾನಾಗೇ ಈಚೆಗೆ ಬಂದಿತ್ತು. ಅದು ಯಾಕೆ ಬಂತು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಾಗುತ್ತೇನೋ ಅಂತ ತಂದೆ."

ಬಾಗಿಲಲ್ಲಿ ಸದ್ದಾಯಿತು. ತಾಯಿ ನಿಂತಿದ್ದಳು, ಸೆರಗಿನಲ್ಲಿ ಗಂಟೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ದಿನಾ ಸಂಜೆ ಬಂದು ಹೇಳೋರು," ಎಂದಳು. "ಇವತ್ತೂ ನನ್ನನ್ನೇ ಮೊದಲು ಬಿಟ್ಟ ಕಣೇ, ಮಂತ್ರಿಗಳನ್ನ ಬಿಟ್ಟ ಹಾಗೆ, ಅಂತ. ಅದನ್ನ ಹೇಳ್ದೆ ಊಟಕ್ಕೇ ಕೂರ್ತಿರಲಿಲ್ಲ."

ಪೇದೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಮೇಲೆ ಸಿಟ್ಟು ಮಾಡಲು ಮಗಳು ಪ್ರಯತ್ನಪಟ್ಟಳು. ಮೊನ್ನೆಯಿಂದ ಕೂಡಿಟ್ಟುಕೊಂಡಿದ್ದ ಸಿಟ್ಟು ಬೇಕಾದಾಗ ಕೈಗೆ ಸಿಗಲಿಲ್ಲ.

ಖಾಲಿ ಹಾಳೆಯನ್ನು ಹಲಗೆಯ ಮೇಲೆ ಹರಡಿ, ಅಪ್ಪ ಮಾಡುತ್ತಿದ್ದ ಹಾಗೆ ಅಂಗೈಯಿಂದ ಸವರಿ, ಅವನ ಮುಂದೆ ತಳ್ಳಿದಳು.

"ಇನ್ನೊಂದ್ಸಲ ಬರೀರಿ."

"ಅಮ್ಮಾ..."

"ಕಿತ್ತ ಹಾಳೆಯ ಜೋಡಿ ಇದು. ಅಲ್ಲಿದ್ದಿದ್ದು ಇಲ್ಲಿ ಬರಲಿ."

ಅವನು ಬರೆದ. ಹನ್ನೆರಡು ಸಾಲು. ಕೊನೆಯ ಸಾಲು ಮುಗಿಸಿ ಸಹಿ ಹಾಕುವ ಜಾಗಕ್ಕೆ ಪೆನ್ನಿನ ಮೊನೆ ಇಟ್ಟಾಗ ಭುಜದ ಮೇಲಿನ ವೈರ್‌ಲೆಸ್ಸು ಗೊರಗೊರ ಎಂದಿತು. "ಎಲ್ಲಿ ಸತ್ತೆಯೋ? ವೃತ್ತದಲ್ಲಿ ಯಾರೂ ಇಲ್ಲ. ಲಾರಿ ಬರ್ತಿದೆ, ಬೇಗ ಹೋಗಿ ನಿಲ್ಲು."

ಪೇದೆ ಎದ್ದ. ಪೆನ್ನು ಜೇಬಿಗೆ ಹೋಯಿತು.

"ಸಹಿ?" ಎಂದಳು ಮಗಳು.

"ನನ್ನಿಂದಾಗಲ್ಲಮ್ಮ. ಹೊಟ್ಟೆಗೆ ಹಾಕ್ಕೊಳ್ಳಿ. ಈ ಬಟ್ಟೆ ಬಿಚ್ಚಿದ್ರೆ ನನಗೆ ಬೇರೆ ಏನೂ ಗೊತ್ತಿಲ್ಲ." ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಹಾಳೆಯ ಕಡೆ ಒಮ್ಮೆ ನೋಡಿದ. ಅದನ್ನು ತೆಗೆದುಕೊಳ್ಳದೆ ಹೊರಟುಹೋದ.

ಸೋದರಮಾವ ಹಾಳೆಯನ್ನು ಓದಿ ತಲೆ ಕೊಡವಿದ. ಈಗ ಅವನ ಕಣ್ಣೂ ಕೆಂಪಾಗಿತ್ತು. "ಬಿಡಿ ಹಾಳೆ ಪುಟ್ಟಿ. ಸಹಿ ಇಲ್ಲ. ನೀನೇ ಬರ್ಕೊಂಡಿದ್ದೀಯ ಅಂದ್ಬಿಡ್ತಾರೆ. ಏನು ಮಾಡ್ತೀಯ ಇದನ್ನಿಟ್ಕೊಂಡು?"

ಅವಳು ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಹೊರಗೆ ಶವದ ಗಾಡಿ ಬಂದು ನಿಂತಿತ್ತು.

*

ಸ್ಮಶಾನಕ್ಕೆ ಹೋಗಲು ಇದ್ದದ್ದು ಆ ವೃತ್ತ ದಾಟುವ ದಾರಿಯೊಂದೇ. ಚಾಲಕನ ಪಕ್ಕ ಮಗಳು ಕುಳಿತಳು, ತೊಡೆಯ ಮೇಲೆ ಹಾಳೆ. ಹಿಂದೆ ಶವದ ಅಕ್ಕಪಕ್ಕ ತಾಯಿ ಮತ್ತು ಸೋದರಮಾವ. ಅಂಗಡಿಯ ಐದು ಜನ ಗಾಡಿ ಹತ್ತಲಿಲ್ಲ. "ಅವನ ಜೊತೆ ದಿನಾ ಸೈಕಲ್ಲಲ್ಲೇ ಹೋಗಿದ್ದು, ಇವತ್ತೂ ಹಾಗೇ ಹೋಗ್ತೀವಿ," ಎಂದರು ಕತ್ತರಿಯಣ್ಣ. "ಇವತ್ತಾದ್ರೂ ಅವನು ನಮಗಿಂತ ಮುಂದೆ ಹೋಗಲಿ."

ವೃತ್ತದಲ್ಲಿ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ನಾಲ್ಕು ಹೊಸ ಬ್ಯಾರಿಕೇಡು ನಿಂತಿದ್ದವು. ರಸ್ತೆಯ ಮೇಲೆ ಹೊಸ ಬಿಳಿ ಬಣ್ಣ. ಅದರಡಿ ಏನಿತ್ತೆಂದು ಮಗಳು ಯೋಚಿಸಬಾರದು ಎಂದುಕೊಂಡಳು, ಯೋಚಿಸಿದಳು. ದೀಪ ಕೆಂಪಾಗಿತ್ತು. ಗಾಡಿ ನಿಂತಿತು. ಅಂಗಡಿಯವರ ಐದು ಸೈಕಲ್ಲು ಹಿಂದಿನಿಂದ ಬಂದು ಅದರ ಎಡಪಕ್ಕದಲ್ಲಿ ನಿಂತವು. ಬಲಗಡೆಯ ಸಾಲಿನಲ್ಲಿ, ಗಾಡಿಯಿಂದ ಒಂದಿಷ್ಟು ಹಿಂದೆ, ಒಂದು ಕಾಂಕ್ರೀಟ್ ಲಾರಿ ಹೊಟ್ಟೆ ತಿರುಗಿಸುತ್ತ ನಿಂತಿತ್ತು. ಗಂಟೆ ಇನ್ನೂ ಹತ್ತೂವರೆ.

ನಡುವೆ ಪೇದೆ. ಅವನ ಬಲಗೈ ಲಾರಿಗೆ ಎದುರಾಗಿ ಅಡ್ಡ ಎದ್ದಿತು. ಶವದ ಗಾಡಿಗೆ ಮೊದಲು ದಾರಿ ಬಿಡುವುದು ವಾಡಿಕೆ. ಎಡಗೈ ತಾನಾಗೇ ಮೇಲೆ ಬಂತು. ಎರಡು ಬೆರಳು ಆಡಿದವು.

ಮಗಳು ಆ ಬೆರಳುಗಳನ್ನೇ ನೋಡಿದಳು. ಅಪ್ಪ ಕೊನೆಗೆ ಕಂಡದ್ದು ಇದನ್ನೇ.

ಆಗ ಹಿಂದಿನಿಂದ, ತೆರೆದ ಕಿಟಕಿಯ ಪಕ್ಕದಿಂದ, ತಾಯಿ ಮಡಿಲಲ್ಲಿದ್ದ ಗಂಟೆಯನ್ನು ಒತ್ತಿದಳು. ಟ್ರಿಣ್. ಟ್ರಿಣ್.

ಪೇದೆಯ ಬೆರಳುಗಳು ಗಾಳಿಯಲ್ಲೇ ನಿಂತವು. ಲಾರಿ ಹಾರ್ನ್ ಹೊಡೆಯಿತು. ಅವನ ಭುಜದ ವೈರ್‌ಲೆಸ್ಸು ಏನೋ ಕೂಗುತ್ತಿತ್ತು. ಅವನು ನಡುರಸ್ತೆ ಬಿಟ್ಟು ನೆಟ್ಟಗೆ ಗಾಡಿಯ ಕಿಟಕಿಗೆ ಬಂದು ಕೈ ಚಾಚಿದ.

"ಆ ಹಾಳೆ ಕೊಡಿ."

ಹರಿದುಹಾಕುತ್ತಾನೆಯೇ? ಅವಳು ಕ್ಷಣ ಗಟ್ಟಿಯಾಗಿ ಹಿಡಿದಳು, ಆಮೇಲೆ ಬಿಟ್ಟಳು. ಅವನು ಗಾಡಿಯ ಬಾಗಿಲಿಗೇ ಹಾಳೆ ಒತ್ತಿ ಸಹಿ ಹಾಕಿದ. ಕೆಳಗೆ ತನ್ನ ಬಿಲ್ಲೆಯ ನಂಬರು, ಇಸವಿ, ದಿನ, ಗಂಟೆ. ಅವಳ ಕೈಗೆ ಮರಳಿಸಿದ.

"ಜೋಪಾನ," ಎಂದ. "ನಾಳೆಯಿಂದ ನಾನು ಇಲ್ಲಿರಲ್ಲ. ಲಾರಿ ಇರ್ತವೆ."

ಅವನು ತಿರುಗಿ ನಡುರಸ್ತೆಗೆ ಹೋಗಿ ನಿಂತ. ಈ ಸಲ ಬೆರಳಲ್ಲ, ಇಡೀ ತೋಳು ಬೀಸಿದ. ಚಾಲಕ ಗೇರು ಹಾಕಿದ. ಗಾಡಿ ಎಡಕ್ಕೆ ತಿರುಗಬೇಕಿತ್ತು.

"ಇರಿ!" ಎಂದಳು ಮಗಳು. "ಈ ಪಕ್ಕ ಸೈಕಲ್ನೋರು ಇದಾರೆ. ಐದು ಜನ."

ಚಾಲಕ ಅವಳ ಮುಂದೆ ಬಗ್ಗಿ ಎಡಗನ್ನಡಿಯನ್ನು ನೋಡಿದ. "ಯಾರೂ ಇಲ್ವಲ್ಲಮ್ಮ."

ಅವಳೂ ನೋಡಿದಳು. ಕನ್ನಡಿಯಲ್ಲಿ ಗಾಡಿಯ ಬಿಳಿ ಮೈ, ಖಾಲಿ ರಸ್ತೆ, ಹೊಸ ಬಣ್ಣದ ಗೆರೆ. ಇನ್ನೇನೂ ಇರಲಿಲ್ಲ.

ಕನ್ನಡಿಯಲ್ಲಿ ಖಾಲಿ ಕಂಡ ಆ ರಸ್ತೆಯಿಂದ ಸೈಕಲ್ ಗಂಟೆಗಳು ಕೇಳಿಸತೊಡಗಿದವು. ಮೊದಲು ಒಂದು, ಆಮೇಲೆ ಇನ್ನೊಂದು, ಆಮೇಲೆ ಐದೂ.